ಖಾಲಿ ಹೋಗಬಾರದ ತಟ್ಟೆ

ನೀಲಿ, ಅದೇ ನೀಲಿ, ಗಾಳಿಗೆ ಪರದೆ ಚೂರು ಸರಿದಾಗ ಕಾಣುತ್ತದೆ, ಪರದೆ ಬಿದ್ದಾಗ ಮುಚ್ಚಿಹೋಗುತ್ತದೆ, ಮತ್ತೆ ಸರಿದಾಗ ಇನ್ನೂ ಅಲ್ಲೇ ಇದೆ, ಗಂಡಸರ ಮೊಣಕಾಲುಗಳ ನಡುವೆ ಹಾಸಿದ ಬಟ್ಟೆಯ ಮೇಲೆ, ಬಂಗಾರದ ಅಂಚಿನ ತಟ್ಟೆ, ಅದರ ಮೇಲೆ ಸಕ್ಕರೆ ಲೇಪಿಸಿದ ಬಾದಾಮಿಯ ಗುಡ್ಡೆ, ಗುಡ್ಡೆಯ ಬುಡದಲ್ಲಿ ಇಣುಕುವ ಒಂದೇ ಒಂದು ಬಿಳಿ ಹತ್ತಿ — ನೋಡಬಾರದು, ನೋಡಬಾರದು ಅಂದುಕೊಂಡಷ್ಟೂ ಸಬೋಹತ್‌ಳ ಕಣ್ಣು ಅಲ್ಲಿಗೇ ಹೋಗುತ್ತದೆ. ಹೆಗಲ ಮೇಲೆ ಅಮ್ಮನ ಕೈ ಇದೆ. ಕರೆದ್ರೆ ಹೋಗು, ಕೇಳಿದ್ರೆ ನಾನೇ ಇಟ್ಟೆ ಅನ್ನು, ಯಾರೂ ಹೇಳಿಲ್ಲ ಅನ್ನು, ಅಷ್ಟೇ, ಅದರ ಮೇಲೊಂದು ಮಾತು ಆಡಬೇಡ, ಗೊತ್ತಾಯ್ತಾ ಮಗಳೇ, ಗೊತ್ತಾಯ್ತಮ್ಮ, ಏನಂತೀಯ, ನಾನೇ ಇಟ್ಟೆ ಅಂತೀನಿ, ಯಾರು ಹೇಳಿದ್ರು, ಯಾರೂ ಇಲ್ಲ, ಇನ್ನೊಂದ್ಸಲ ಹೇಳು. ಬೆಳಗಿನಿಂದ ಎಷ್ಟು ಸಲ ಹೇಳಿದ್ದಾಳೋ, ಹೇಳಿ ಹೇಳಿ ಆ ಮಾತು ಬಾಯಲ್ಲಿ ಅಗಿದು ಅಗಿದು ರುಚಿ ಹೋದ ಸಿಪ್ಪೆಯ ಹಾಗೆ ಆಗಿದೆ, ನಾನೇ ಇಟ್ಟೆ, ನಾನೇ ಇಟ್ಟೆ, ನಿಜಕ್ಕೂ ಅವಳೇ ಇಟ್ಟದ್ದು, ಅದರಲ್ಲಿ ಸುಳ್ಳಿಲ್ಲ, ಸುಳ್ಳು ಇರುವುದು ಎರಡನೆಯ ಮಾತಿನಲ್ಲಿ. ಹಿಂದೆ ಮೂಲೆಯಲ್ಲಿ ಅಕ್ಕ ಖುರ್ಷೇದಾ ಮೊಣಕಾಲು ಅಪ್ಪಿಕೊಂಡು ಕೂತಿದ್ದಾಳೆ, ಕೂದಲು ಹೆಣೆದಿಲ್ಲ, ಹದಿನೇಳರ ಹುಡುಗಿ ಈಗ ಸಬೋಹತ್‌ಗಿಂತ ಚಿಕ್ಕವಳ ಹಾಗೆ ಕಾಣುತ್ತಾಳೆ, ಅವಳು ಏನೂ ಹೇಳಿಕೊಡುತ್ತಿಲ್ಲ, ಒಂದು ಸಲ ಮಾತ್ರ ಕಣ್ಣೆತ್ತಿ, ಹೆದರ್ಬೇಡ ಕಣೇ, ಹಾಜಿ ಬಾಬಾ ಒಳ್ಳೇವ್ರು, ಅಂದಳು.

ಹಾಜಿ ಬಾಬಾ ಒಳ್ಳೆಯವರು, ಅದು ಹೌದು, ಊರು ಸುಟ್ಟಾಗ ನದಿ ದಾಟಿ ಓಡಿಬಂದವರೆಲ್ಲ ಬಯಲಿನ ಡೇರೆಗಳಲ್ಲಿ ಕೆಮ್ಮಿ ಕೆಮ್ಮಿ ಮಲಗಿದ್ದಾಗ ಅಮ್ಮನ ಜ್ವರ ನೋಡಿ, ಇವರು ನನ್ನ ಅತಿಥಿಗಳು ಎಂದು ಕತ್ತೆಗಾಡಿಯಲ್ಲಿ ಹಾಕಿಕೊಂಡು ಬಂದವರು, ಹಸುವಿನ ಕೊಟ್ಟಿಗೆಯ ಪಕ್ಕದ ಕೋಣೆ ಕೊಟ್ಟವರು, ಅವರ ಹೆಂಡತಿ ಬೀಬಿ ಗೋಧಿ ಗಂಜಿ ಕುಡಿಸಿದವರು. ಗಡ್ಡ ಬಿಳಿ, ಕೈ ಬಿಸಿ, ಅಪ್ಪನ ಕೈ ಹೀಗೆ ಬಿಸಿ ಇರುತ್ತಿತ್ತು, ಟ್ರ್ಯಾಕ್ಟರ್ ಎಣ್ಣೆಯ ವಾಸನೆ ಬೇರೆ. ಈಗ ಪರದೆಯ ಆಚೆ ಅವರು ತಲೆ ಬಗ್ಗಿಸಿ ಜಪಮಣಿ ಎಣಿಸುತ್ತಿದ್ದಾರೆ, ಅವರ ಎದುರು ಕಮಾಂಡರ್ ಎರ್ಗಶ್, ಊರಿನ ರಸ್ತೆ, ಸೇತುವೆ, ಹಿಟ್ಟಿನ ಲಾರಿ ಎಲ್ಲ ಅವನವೇ, ಬಂದೂಕು ಗೋಡೆಗೆ ಒರಗಿಸಿ ಕೂತಿದ್ದಾನೆ, ಅವನ ಪಕ್ಕದಲ್ಲಿ ಅವನ ಚಿಕ್ಕಪ್ಪ ಸರ್ವರ್ ಕಾಕಾ, ಹೊಟ್ಟೆ ಕುಣಿಸಿ ನಗುವವನು, ಮತ್ತು ಬಾಗಿಲ ಹತ್ತಿರ, ಕಮಾಂಡರನ ತಮ್ಮ ಯಾಸೀನ್, ನೆಲಬಾಂಬಿಗೆ ಒಂದು ಪಾದ ಕೊಟ್ಟವನು, ಊರುಗೋಲನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದಾನೆ, ತಲೆ ಎತ್ತುವುದಿಲ್ಲ. ಅವನಿಗೆ ಅಕ್ಕ ಬೇಕು. ಅವನು ಅಕ್ಕನನ್ನು ನೋಡಿಯೇ ಇಲ್ಲ, ಅವನ ತಾಯಿ ನೋಡಿದ್ದಾಳೆ, ಇಲ್ಲಿ ಹಾಗೆ.

ಈ ತಟ್ಟೆ, ಈ ತಟ್ಟೆ ಮಾತ್ರ ಇಲ್ಲಿಯದಲ್ಲ. ಇದು ಮನೆಯ ತಟ್ಟೆ, ನಮ್ಮದೇ ಅಲ್ಲ, ನಮ್ಮದರ ಅಂಚಿನಲ್ಲಿ ಚಿಪ್ಪು ಎದ್ದಿತ್ತು, ಆದರೂ ಮನೆಯದೇ, ನದಿಯ ಆಚೆ ನಮ್ಮ ಊರಲ್ಲಿ ಯಾರ ಮನೆಗೆ ಹೋದರೂ ಇದೇ, ಕಡು ನೀಲಿಯ ಮೇಲೆ ಬಿರಿದ ಬಿಳಿ ಹತ್ತಿ, ಚಹಾ ಬಟ್ಟಲು ಇದೇ, ಪಲಾವಿನ ಹರಿವಾಣ ಇದೇ, ಊರಿನ ಸುತ್ತ ಹತ್ತಿ, ತಟ್ಟೆಯ ಮೇಲೂ ಹತ್ತಿ, ಶರತ್ಕಾಲದಲ್ಲಿ ಶಾಲೆ ಮುಚ್ಚಿ ಎಲ್ಲರೂ ಹತ್ತಿ ಬಿಡಿಸಲು ಹೋಗಿ ಬೆರಳು ಗೀರಿಸಿಕೊಂಡು ಬಂದು ಅದೇ ಹತ್ತಿಯ ಮೇಲೆ ಉಣ್ಣುವುದು, ಅಪ್ಪ ನಗುತ್ತಿದ್ದ, ಊಟ ಮಾಡುವಾಗಲಾದ್ರೂ ಇದನ್ನ ಕಣ್ಮುಂದೆ ಇಡ್ಬೇಡ್ರೇ ಅಂತ. ಓಡಿಬಂದವರು ಹೊತ್ತು ತಂದು ಇಲ್ಲಿಯ ಸಂತೆಯಲ್ಲಿ ಹಿಟ್ಟಿಗೆ ಬದಲು ಕೊಟ್ಟಿದ್ದಾರೆ, ಹಾಗೆ ಈ ತಟ್ಟೆ ಕಮಾಂಡರನ ಮನೆ ಸೇರಿದೆ. ಹಬ್ಬದ ದಿನ ಅವನ ತಾಯಿ ಅದನ್ನು ಹಿಡಿದು ಅಂಗಳಕ್ಕೆ ಬಂದಾಗ ಸಬೋಹತ್‌ಗೆ ಮೊದಲು ಕಂಡದ್ದು ತಾಯಿಯಲ್ಲ, ತಟ್ಟೆ, ಎದೆಯೊಳಗೆ ಏನೋ ಎದ್ದು ಓಡಿದ ಹಾಗೆ, ಮನೆ, ಮನೆ ಬಂತು. ಈದ್ ಹಬ್ಬ, ಮನೆ ಮನೆಗೂ ತಟ್ಟೆ ಹೋಗುವ ದಿನ, ಅಲ್ಲೂ ಹಾಗೇ ಇಲ್ಲೂ ಹಾಗೇ, ಒಂದಾದರೂ ಒಂದೇ ಥರ ಇದೆಯಲ್ಲ ಅನ್ನಿಸಿತ್ತು. ಅಮ್ಮ ಬೀಬಿಯ ಜೊತೆ ಗೋರಿಗಳ ಕಡೆ ಹೋಗಿದ್ದಳು, ನಮ್ಮ ಗೋರಿ ಇಲ್ಲಿ ಯಾವುದೂ ಇಲ್ಲ, ಆದರೂ ಬಾ ಎಂದು ಬೀಬಿ ಕರೆದುಕೊಂಡು ಹೋಗಿದ್ದರು. ಅಕ್ಕ ಕೊಟ್ಟಿಗೆಯಲ್ಲಿ ಹುಳಿಮೊಸರು ಹಚ್ಚಿ ತಲೆ ತೊಳೆಯುತ್ತಿದ್ದಳು. ಯಾರೂ ಇಲ್ವಾ ಮಗಾ ಮನೇಲಿ, ಇಲ್ಲ ಅಜ್ಜಿ, ಬಿಸಿ ಬಿಸಿ ಕರಿದ ರೊಟ್ಟಿ ತಂದಿದೀನಿ ಇಟ್ಕೊಳ್ಳಿ, ತಟ್ಟೆ ಬರಿದು ಮಾಡಿ ಕೊಡು, ಹೋಗ್ತೀವಿ. ಕೈ ತುಂಬ ಬೆಳ್ಳಿ ಬಳೆ, ಬಳೆಗಳ ನಡುವಿನಿಂದ ಆ ನೀಲಿ. ಸಬೋಹತ್ ರೊಟ್ಟಿಗಳನ್ನು ಬಟ್ಟೆಗೆ ಸುರಿದುಕೊಂಡಳು, ತಟ್ಟೆ ಒರೆಸಿದಳು, ಒರೆಸಿದಾಗ ಹತ್ತಿಗಳು ಹೊಳೆದವು, ಅಷ್ಟು ಹೊತ್ತಿಗೆ ಕೊಟ್ಟಿಗೆಯೊಳಗಿಂದ ಅಕ್ಕನ ದನಿ, ಬಾಯಿಗೆ ಕೂದಲು ಅಡ್ಡ ಬಂದ ದನಿ, ಸಬೋಹತ್, ತಟ್ಟೆ ಖಾಲಿ ಕಳಿಸ್ಬೇಡ ಕಣೇ.

ಅಷ್ಟೇ. ಇದನ್ನು ಹೇಳದ ಅಮ್ಮ ಯಾರಿದ್ದಾರೆ ಊರಲ್ಲಿ, ಹೇಳಿಸಿಕೊಳ್ಳದ ಮಗು ಯಾವುದಿದೆ, ಪಕ್ಕದ ಮನೆಯ ತಟ್ಟೆ ಖಾಲಿ ಹಿಂದಿರುಗಬಾರದು, ಏನೂ ಇಲ್ಲವಾದರೆ ಒಂದು ಚಿಟಿಕೆ ಉಪ್ಪು ಹಾಕು, ಒಂದು ಈರುಳ್ಳಿ ಇಡು. ಉಪ್ಪು ಬೀಬಿಯ ಅಡುಗೆಮನೆಯಲ್ಲಿತ್ತು, ಈರುಳ್ಳಿ ಹಬ್ಬಕ್ಕೆ ಚೆನ್ನಾಗಿರಲಿಲ್ಲ. ಗೂಡಿನಲ್ಲಿ ಡಬ್ಬಿ ಇತ್ತು, ಹಬ್ಬಕ್ಕೆಂದು ಬೀಬಿ ಕೊಟ್ಟ ಸಕ್ಕರೆ ಬಾದಾಮಿ, ಅವಳ ಪಾಲು ಅದು, ಅವಳೇ ಉಳಿಸಿಕೊಂಡಿದ್ದು, ತಿನ್ನದೆ ನೆಕ್ಕಿ ನೆಕ್ಕಿ ಇಡುತ್ತಿದ್ದಳು, ನೆಕ್ಕದವನ್ನೆಲ್ಲ ಆರಿಸಿ ತಟ್ಟೆಗೆ ಹಾಕಿದಳು. ಬರಿದೇ ಕೊಡುವುದು ಹೇಗೆ, ನೊಣ ಕೂರುತ್ತದೆ, ಹಗ್ಗದ ಮೇಲೆ ಅಕ್ಕ ಕಸೂತಿ ಮಾಡಿದ ಕರವಸ್ತ್ರ ಒಣಗುತ್ತಿತ್ತು, ಮೂಲೆಯಲ್ಲಿ ಕೆಂಪು ದಾಳಿಂಬೆ, ಅದನ್ನು ಮುಚ್ಚಿದಳು. ಎಷ್ಟು ಚೆನ್ನಾಗಿ ಕಂಡಿತು. ಅಮ್ಮ ನೋಡಿದ್ದರೆ ಜಾಣೆ ಅನ್ನುತ್ತಿದ್ದಳು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ಕಮಾಂಡರನ ತಾಯಿ ಕರವಸ್ತ್ರದ ಅಂಚು ಎತ್ತಿದಳು, ನೋಡಿದಳು, ಅವಳ ಮುಖ — ಹೇಗೆ ಹೇಳುವುದು, ಕಂದೀಲು ಹಚ್ಚಿದ ಹಾಗೆ ಆಯಿತು, ನೆಲದ ಮೇಲೆ ಕೂತುಬಿಟ್ಟಳು, ಸಬೋಹತ್‌ಳ ಎರಡೂ ಕೆನ್ನೆಗೆ ಮುತ್ತಿಟ್ಟಳು, ನನ್ನ ಬಂಗಾರ, ನನ್ನ ಕಣ್ಣು, ಇದನ್ನ ಒಳಗಿನವಳೇ ಕಳಿಸಿದ್ಲಾ, ದನಿ ಕೇಳಿಸ್ತು ನನಗೆ. ಸಬೋಹತ್ ನಕ್ಕಳು. ಜೊತೆಯಲ್ಲಿ ಬಂದಿದ್ದ ಸೊಸೆ ನಾಲಿಗೆ ಆಡಿಸಿ ಕೇಕೆ ಹಾಕಿದಳು, ಬೇಲಿಯ ಆಚೆಯಿಂದ ಇನ್ನೊಬ್ಬಳು ಕೇಕೆ ಹಾಕಿದಳು, ಬೀದಿ ಕೊನೆಯವರೆಗೂ ಕೇಕೆ ಹೋಯಿತು, ಬಾದಾಮಿಗೆ ಇಷ್ಟೊಂದು ಸಂತೋಷವಾ, ಪಾಪ, ಕಮಾಂಡರನ ಮನೆಯಲ್ಲಿ ಬಾದಾಮಿ ಇಲ್ಲವೇನೋ ಅಂದುಕೊಂಡಳು.

ಇಲ್ಲಿ ಯಾವುದಕ್ಕೆ ನಗುತ್ತಾರೆ ಯಾವುದಕ್ಕೆ ಸಿಟ್ಟಾಗುತ್ತಾರೆ ತಿಳಿಯುವುದೇ ಇಲ್ಲ, ಮಾತು ನಮ್ಮದೇ ಮಾತು, ಅದೇ ಇನ್ನೂ ಕಷ್ಟ, ಮಾತು ಬೇರೆಯಾಗಿದ್ದರೆ ಎಲ್ಲ ಬೇರೆ ಎಂದು ಮೊದಲೇ ಗೊತ್ತಾಗುತ್ತಿತ್ತು. ಅಕ್ಷರ ಬಲದಿಂದ ಎಡಕ್ಕೆ ನಡೆಯುತ್ತವೆ. ಹೆಂಗಸರಿಗೆ ಬೀದಿಯಲ್ಲಿ ಮುಖವಿಲ್ಲ. ಅಮ್ಮ ಕುತ್ತಿಗೆ ಕಾಣುವ ಹಾಗೆ ರುಮಾಲನ್ನು ಹಿಂದಕ್ಕೆ ಕಟ್ಟಿಕೊಂಡರೆ ಮಕ್ಕಳು ಹಿಂದೆ ಬರುತ್ತಾರೆ, ಅವಳ ಚಿನ್ನದ ಹಲ್ಲು ನೋಡಿ, ಏ ರಷ್ಯಾದವ್ಳು ಬಾಯಲ್ಲಿ ದುಡ್ಡಿಟ್ಕೊಂಡಿದಾಳೆ ಕಣ್ರೋ ಎಂದು ಕೂಗುತ್ತಾರೆ, ನದಿಯ ಆಚೆಯಿಂದ ಬಂದವರೆಲ್ಲ ಇವರಿಗೆ ರಷ್ಯಾದವರೇ. ಸಬೋಹತ್ ಬಾವಿಗೆ ಹೋದರೆ, ನಿನಗೆ ನಮಾಜು ಬರತ್ತೇನೇ, ಅಲ್ಲಿ ಹಂದಿ ತಿಂತಿದ್ರಂತೆ, ಇಲ್ಲ ಕುರೀನೇ ತಿಂತಿದ್ವಿ, ಸುಳ್ಳು ಸುಳ್ಳು. ಹೆಸರಿನ ವಿಷಯವಂತೂ ಹೇಳುವುದೇ ಬೇಡ, ಈಗಲೂ ಅಷ್ಟೇ, ಪರದೆಯ ಆಚೆ ಇಷ್ಟು ಹೊತ್ತಿನಿಂದ ಅಕ್ಕನ ಮಾತೇ ಆಡುತ್ತಿದ್ದಾರೆ, ಯಾರ ಬಾಯಲ್ಲೂ ಖುರ್ಷೇದಾ ಎಂಬ ಹೆಸರಿಲ್ಲ, ಒಳಗಿನವಳು, ಆ ಮಗು, ಅತಿಥಿಯ ಸೊತ್ತು, ಹೆಸರು ಹೇಳಿದರೆ ಮರ್ಯಾದೆ ಕೆಡುತ್ತದಂತೆ, ಹೆಸರಿಲ್ಲದೆ ಅವಳನ್ನು ಕೊಟ್ಟುಬಿಡಬಹುದು. ಮತ್ತು ರೊಟ್ಟಿ. ರೊಟ್ಟಿಯನ್ನು ಇಲ್ಲೂ ಕಾಲಿಗೆ ಸೋಕಿಸುವುದಿಲ್ಲ, ಬಿದ್ದರೆ ಎತ್ತಿ ಮುತ್ತಿಡುತ್ತಾರೆ, ಆದರೆ ಅಷ್ಟೇ, ಅದಕ್ಕಿಂತ ಮುಂದಕ್ಕೆ ಇಲ್ಲ. ಅಪ್ಪ ಕಚ್ಚಿದ ರೊಟ್ಟಿಯನ್ನು ಅಮ್ಮ ಕೋಣೆಯ ಗೂಟಕ್ಕೆ ಬಟ್ಟೆಯಲ್ಲಿ ಕಟ್ಟಿ ನೇತು ಹಾಕಿದ್ದಾಳೆ, ಒಂದು ದಿನ ಬೀಬಿ ಕೋಣೆ ಗುಡಿಸಲು ಬಂದು, ಅಯ್ಯೋ ಇದೇನು ಕಲ್ಲಾಗಿದೆಯಲ್ಲ, ಕೋಳಿಗಾದ್ರೂ ಹಾಕೋಣ ಎಂದು ಬಿಚ್ಚಿದಾಗ ಅಮ್ಮ ಕಿರುಚಿದ ಕಿರುಚು ಹಸು ಕೂಡ ಎದ್ದು ನಿಲ್ಲುವ ಹಾಗಿತ್ತು.

ಅದು ಚಳಿಗಾಲ, ಸುಟ್ಟ ಊರು ಹಿಂದೆ ಇನ್ನೂ ಹೊಗೆಯಾಡುತ್ತಿತ್ತು, ನದಿಯ ದಡದಲ್ಲಿ ಜೊಂಡಿನ ನಡುವೆ ಊರಿಗೆ ಊರೇ ಕೂತಿತ್ತು, ಲಾರಿ ಟ್ಯೂಬುಗಳ ಮೇಲೆ ಬಾಗಿಲು ಕಟ್ಟಿದ್ದರು, ನಮ್ಮ ಮನೆಯದೇ ಬಾಗಿಲು, ಅಪ್ಪ ಅದನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ಅಜ್ಜಿ ಇನ್ನೂ ಹಿಂದೆ ಉಳಿದಿದ್ದಳು, ನಡೆಯಲಾರಳು, ನೀವು ದಾಟಿ, ನಾನು ಅಮ್ಮನ್ನ ಹೊತ್ಕೊಂಡು ಬರ್ತೀನಿ, ಅಂದ ಅಪ್ಪ. ಆಗ ಅಮ್ಮ ಗಂಟಿನಿಂದ ರೊಟ್ಟಿ ತೆಗೆದಳು, ಅಪ್ಪ ಒಂದು ಬದಿಯಲ್ಲಿ ಕಚ್ಚಿದ, ಉಳಿದದ್ದು ಅವಳ ಕೈಗೆ ಕೊಟ್ಟ, ಮನೆಬಿಟ್ಟು ಹೊರಡುವವರು ಕಚ್ಚಿ ಹೋಗುತ್ತಾರೆ, ಉಳಿದ ರೊಟ್ಟಿ ಅವರನ್ನು ಎಳೆದು ತರುತ್ತದೆ, ಸೈನ್ಯಕ್ಕೆ ಹೋದ ಚಿಕ್ಕಪ್ಪ ಹಾಗೇ ವಾಪಸು ಬಂದ, ಬಂದು ಆ ಒಣ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದ. ಅಪ್ಪ ಜೊಂಡಿನೊಳಕ್ಕೆ ಹೋದ, ಟೋಪಿ ಕಂಡಿತು, ಆಮೇಲೆ ಜೊಂಡು ಮಾತ್ರ. ಅವನು ಇನ್ನೂ ಬಂದಿಲ್ಲ. ರೊಟ್ಟಿ ಇದೆ, ಹಲ್ಲಿನ ಗುರುತು ಇದೆ, ಎಡಗಡೆಯ ಮುರಿದ ಹಲ್ಲಿನ ಜಾಗ ಕೂಡ ಇದೆ, ಹಾಗಾದರೆ ಅವನೂ ಎಲ್ಲೋ ಇದ್ದಾನೆ, ಅಮ್ಮ ಪ್ರತಿ ಶುಕ್ರವಾರ ಬಿಚ್ಚಿ ನೋಡಿ ಮತ್ತೆ ಕಟ್ಟುತ್ತಾಳೆ.

ಹಬ್ಬದ ಸಂಜೆ ಅಮ್ಮ ಗೋರಿಗಳ ಕಡೆಯಿಂದ ಬಂದಾಗ ಬೀದಿಯ ಹೆಂಗಸರೆಲ್ಲ ಅವಳಿಗೆ ಶುಭವಾಗಲಿ ಶುಭವಾಗಲಿ ಅನ್ನುತ್ತಿದ್ದರಂತೆ, ಅವಳು ಈದ್‌ಗೆ ಎಂದುಕೊಂಡು ನಿಮಗೂ ನಿಮಗೂ ಅನ್ನುತ್ತಾ ಬಂದಳಂತೆ. ಬೀಬಿ ಮಾತ್ರ ಅಂಗಳದಲ್ಲೇ ನಿಂತುಬಿಟ್ಟರು. ಏನು ಕೊಟ್ಟೆ ಮಗಳೇ, ಬಾದಾಮಿ ಬೀಬಿ, ಯಾತರ ಮೇಲೆ, ತಟ್ಟೆ ಮೇಲೆ, ಮೇಲೇನು ಮುಚ್ಚಿದೆ, ಅಕ್ಕನ ಕರವಸ್ತ್ರ. ಬೀಬಿ ತಲೆಗೆ ಕೈಯಿಟ್ಟು ಕೂತರು. ಕಮಾಂಡರನ ಮನೆಯವ್ರು ಎರಡು ಸಲ ಹೆಣ್ಣು ಕೇಳೋಕೆ ಬಂದ್ರು, ಹೂಂ ಅನ್ಬೇಡ ಉಹೂಂ ಅನ್ಬೇಡ ಅಂತ ನಿನ್ನ ತಾಯಿಗೆ ನಾನೇ ಹೇಳಿಕೊಟ್ಟೆ, ಮನೆ ಗಂಡಸು ಬರ್ಲಿ ಅಂತ ದಿನ ತಳ್ಳಿದೆ, ನೀನು ಸಿಹಿ ಕೊಟ್ಬಿಟ್ಟೆಯಲ್ಲೇ ಪುಟ್ಟಿ, ಹೆಣ್ಣಿನ ಮನೆಯಿಂದ ಸಿಹಿ ಹೋದ್ರೆ ಹೆಣ್ಣು ಹೋದ ಹಾಗೆ, ಕರವಸ್ತ್ರ ಬೇರೆ. ಅಮ್ಮ ನಗಲು ನೋಡಿದಳು, ನಗು ಅರ್ಧಕ್ಕೆ ನಿಂತಿತು, ಚಿನ್ನದ ಹಲ್ಲು ಹಾಗೇ ಕಾಣುತ್ತಾ ಉಳಿಯಿತು. ನಮ್ಮಲ್ಲಿ ರೊಟ್ಟಿ ಮುರೀತಾರೆ ಬೀಬಿ, ಹಿರಿಯರು ಕೂತು ರೊಟ್ಟಿ ಮುರಿದ್ರೆ ನಿಶ್ಚಯ, ಇವಳಿಗೆ ಆಗ್ಲೇ ಮುರಿದಾಗಿದೆ, ಮೇಷ್ಟ್ರ ಮಗ ಫರ್ಹೋದ್‌ಗೆ, ಸಿಹಿ ಅಂದ್ರೆ ಬರೀ ಸಿಹಿ. ಅದು ನಿಮ್ಮಲ್ಲಿ ಕಣಮ್ಮಾ, ಅಂದರು ಬೀಬಿ, ಬಹಳ ಮೆತ್ತಗೆ ಅಂದರು. ಫರ್ಹೋದ್ ನದಿಯ ಆಚೆ, ಬದುಕಿದ್ದಾನೋ ಇಲ್ಲವೋ, ಅಕ್ಕನಿಗೆ ಸೈಕಲ್ ಕಲಿಸಿದವನು, ಅಕ್ಕ ರಾತ್ರಿ ರಜಾಯಿಯೊಳಗೆ ಸಬೋಹತ್‌ಗೆ ಅಂದಿದ್ದಳು, ದಾರಿ ತೆರೆದ ಕೂಡ್ಲೆ ಹೋಗೋದು ಕಣೇ, ನಾನು ನರ್ಸ್ ಓದ್ತೀನಿ, ನೀನು ನನ್ನ ಜೊತೆ ಪಟ್ಟಣದಲ್ಲಿರು, ನಮ್ಮನೇಲಿ ಬಾಗಿಲಿಗೆ ನೀಲಿ ಬಣ್ಣ ಹಾಕೋಣ. ಆ ರಾತ್ರಿ ಅವಳು ಬೈಯಲಿಲ್ಲ, ಸಬೋಹತ್‌ಳ ಕಾಲನ್ನು ತನ್ನ ಕಾಲುಗಳ ನಡುವೆ ಇಟ್ಟು ಬಿಸಿ ಮಾಡಿದಳು, ಅದಕ್ಕಿಂತ ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು.

ಇವತ್ತು ಅದೇ ತಟ್ಟೆಗೆ ತಮ್ಮ ಬಾದಾಮಿಯನ್ನೂ ಸುರಿದು, ಅದೇ ಕರವಸ್ತ್ರ ಮುಚ್ಚಿ ತಂದು, ಮಾತು ಮುಗಿಸಲು ಗಂಡಸರು ಬಂದಿದ್ದಾರೆ. ಪರದೆಯ ಆಚೆ ದನಿ ಏರಿದೆ, ಸರ್ವರ್ ಕಾಕಾ ನಗುತ್ತಿದ್ದಾನೆ. ರೊಟ್ಟಿ ಮುರಿದ್ರೆ ನಿಶ್ಚಯವಂತೆ ಹಾಜಿ, ಹಾಗಾದ್ರೆ ನನಗೆ ಬೆಳಿಗ್ಗೆಯಿಂದ ಮೂರು ಮದುವೆ ಆಗಿದೆ, ಮಧ್ಯಾಹ್ನದ ಊಟಕ್ಕೆ ನಾಲ್ಕನೇದು. ಯಾರೋ ನಗುತ್ತಾರೆ. ಹಾಜಿ ಬಾಬಾ ನಗುವುದಿಲ್ಲ. ಅವರವರ ಊರು, ಅವರವರ ಪದ್ಧತಿ ಸರ್ವರ್, ಅವರ ಮನೇಲಿ ಮುರಿದ ರೊಟ್ಟಿಗೆ ಸಾಕ್ಷಿ ಯಾರಾದ್ರೂ ಗಂಡಸಿದ್ರೆ ಕರೆಸ್ತಿದ್ದೆ. ಸಾಕ್ಷಿ ನದೀಲಿದಾನೆ, ಎನ್ನುತ್ತಾನೆ ಕಮಾಂಡರ್, ಕೊಂಕಾಗಿ ಅಲ್ಲ, ಇದ್ದದ್ದನ್ನು ಹೇಳುವ ಹಾಗೆ, ಅದೇ ಇನ್ನೂ ಚುಚ್ಚುತ್ತದೆ, ಸಬೋಹತ್‌ಳ ಹೆಗಲಿನ ಮೇಲೆ ಅಮ್ಮನ ಬೆರಳುಗಳು ಒಳಕ್ಕೆ ಇಳಿಯುತ್ತವೆ, ನದಿಯಲ್ಲಿ ಇಲ್ಲ, ಜೊಂಡಿನಲ್ಲಿದ್ದಾನೆ, ಬರುತ್ತಿದ್ದಾನೆ. ನೋಡಿ ಹಾಜಿ ಬಾಬಾ, ನಾನು ನಿಮ್ಮ ಹಿಂದೆ ನಿಂತು ನಮಾಜು ಮಾಡೋನು, ನಿಮ್ಮ ಮಾತು ಮೀರೋನಲ್ಲ, ಆದ್ರೆ ಬೀದಿ ಬೀದಿ ಕೇಕೆ ಹಾಕಿ ಆಗಿದೆ, ಈಗ ತಟ್ಟೆ ವಾಪಸ್ ಬಂದ್ರೆ ಕುಂಟನಿಗೆ ಯಾರೂ ಹೆಣ್ಣು ಕೊಡ್ಲಿಲ್ಲ ಅಂತ ನಾಳೆ ಸಂತೇಲಿ ಆಡ್ಕೋತಾರೆ, ನನ್ನ ತಮ್ಮ ಕಾಲು ಕಳ್ಕೊಂಡಿದ್ದು ಈ ಊರಿಗೋಸ್ಕರ. ಯಾಸೀನ್ ತಲೆ ಎತ್ತುವುದಿಲ್ಲ, ಅಣ್ಣಾ ಬಿಡು ಅನ್ನುತ್ತಾನೆ, ಅಷ್ಟು ಮೆಲ್ಲಗೆ ಅಂದರೆ ಅವನ ಅಣ್ಣನಿಗೂ ಕೇಳಿಸಿರಲಾರದು, ಪರದೆಯ ಈಚೆ ಸಬೋಹತ್‌ಗೆ ಕೇಳಿಸಿತು. ಹಾಜಿ ಬಾಬಾ ಜಪಮಣಿ ನಿಲ್ಲಿಸಿದರು. ನನ್ನ ಸೂರಿನ ಕೆಳಗಿಂದ ಹೋದ ಸಿಹಿ ನನ್ನ ಸಿಹಿ, ಅದು ಮಾತಾದ್ರೆ ನಾನು ಮಾತಿಗೆ ತಪ್ಪೋನಲ್ಲ, ಆದ್ರೆ ಮಗು ಆಟ ಆಡಿದ್ರೆ ಅದು ಮಾತಲ್ಲ. ಮಗೂನ ಕರೆದು ಕೇಳೋಣ. ತಾನಾಗೇ ಕೊಟ್ಟಿದ್ರೆ, ಎರ್ಗಶ್, ನೀನು ತಟ್ಟೆ ಎತ್ಕೊಂಡು ಹೋಗ್ತೀಯ, ಸಂತೇಲಿ ಯಾರಾದ್ರೂ ಬಾಯಿ ಬಿಟ್ರೆ ನಾನು ಉತ್ತರ ಕೊಡ್ತೀನಿ. ಒಳಗಿನವಳೇ ಕೊಡಿಸಿದ್ರೆ, ಬಾಯಿ ಸಿಹಿ ಮಾಡ್ಕೊಳ್ಳೋಣ. ಒಪ್ಪಿಗೇನಾ. ಒಪ್ಪಿಗೆ, ಅಂದ ಕಮಾಂಡರ್. ಮಗು ಸುಳ್ಳು ಹೇಳಲ್ಲ, ಅಂದ ಸರ್ವರ್ ಕಾಕಾ.

ಪರದೆ. ಪರದೆಯ ಬಟ್ಟೆ ಮುಖಕ್ಕೆ ತಾಗಿ ಹಿಂದೆ ಹೋಯಿತು. ಇಷ್ಟೊಂದು ಬೂಟುಗಳು, ಇಷ್ಟೊಂದು ಗಡ್ಡ, ಬೆವರಿನ, ಹೊಗೆಸೊಪ್ಪಿನ ವಾಸನೆ, ಕಾಲು ನಡೆಯುತ್ತಿದೆ, ಅವಳದಲ್ಲ ಅನ್ನಿಸುತ್ತದೆ, ನಾನೇ ಇಟ್ಟೆ, ಯಾರೂ ಹೇಳಿಲ್ಲ, ನಾನೇ ಇಟ್ಟೆ, ಯಾರೂ ಹೇಳಿಲ್ಲ, ಹತ್ತಿರದಿಂದ ತಟ್ಟೆ ಇನ್ನೂ ನೀಲಿ. ಬಾ ಮಗಳೇ, ಕೂತ್ಕೋ, ನಡುಗ್ತಿದೀಯಲ್ಲ, ಇವರೆಲ್ಲ ನಿನ್ನ ಮಾವಂದಿರು, ಯಾರೂ ತಿನ್ನಲ್ಲ ನಿನ್ನ. ಹಾಜಿ ಬಾಬಾರ ಕೈ ಅವಳ ತಲೆಯ ಮೇಲೆ, ಆ ಬಿಸಿ, ಇನ್ನೇನು ಹೇಳಿಬಿಡುತ್ತಾಳೆ, ಬಾಯಿ ತೆರೆದಿದೆ, ನಾನೇ — ಅಷ್ಟರಲ್ಲಿ ಅವರು ಹಾಸಿನ ಮೇಲಿದ್ದ ರೊಟ್ಟಿಯಿಂದ ಒಂದು ತುಂಡು ಮುರಿದು ಅವಳ ಅಂಗೈಯಲ್ಲಿ ಇಟ್ಟು ಬೆರಳು ಮಡಿಸಿದರು. ಮೊದಲು ಎರಡು ತುತ್ತು ತಿನ್ನು, ಆಮೇಲೆ ಹೇಳು, ಹಸಿದ ಹೊಟ್ಟೆಗೆ ಭಯ ಜಾಸ್ತಿ.

ರೊಟ್ಟಿ. ಕೈಯಲ್ಲಿ ರೊಟ್ಟಿ. ಬಾಬಾ ಬೇಡ, ರೊಟ್ಟಿ ಬೇಡ, ಪುಸ್ತಕ ಕೊಡಿ, ಆ ಬಟ್ಟೆ ಸುತ್ತಿದ ನಿಮ್ಮ ಪುಸ್ತಕ ಮುಟ್ಟಿಸಿ, ಅದರ ಅಕ್ಷರ ನನಗೆ ಬರುವುದಿಲ್ಲ, ಅದಕ್ಕೆ ನಾನು ಗೊತ್ತಿಲ್ಲ, ರೊಟ್ಟಿಗೆ ಗೊತ್ತು. ಊರಲ್ಲಿ ಡೀಸೆಲ್ ಕಳುವಾದಾಗ ಎಲ್ಲರೂ ಅಪ್ಪನ ಕಡೆ ನೋಡಿದರು, ಅಪ್ಪ ಮನೆಯಿಂದ ರೊಟ್ಟಿ ತರಿಸಿ ಎರಡೂ ಕೈಯಲ್ಲಿ ಹಿಡಿದು ನಾನು ತೆಗೆದಿಲ್ಲ ಅಂದ, ಅಲ್ಲಿಗೆ ಮುಗಿಯಿತು, ಸಾಮೂಹಿಕ ಬೇಸಾಯದ ಅಧ್ಯಕ್ಷರೇ ಎದ್ದು ಬಂದು ಅವನ ಹೆಗಲು ತಟ್ಟಿದರು, ರೊಟ್ಟಿ ಹಿಡಿದವನು ಸುಳ್ಳಾಡಿದರೆ ರೊಟ್ಟಿ ಅವನ ಕಣ್ಣು ಹಿಡಿಯುತ್ತದೆ. ಸಬೋಹತ್ ಒಂದು ಸಲ ಡಬ್ಬಿಹಾಲು ಕದ್ದು ಕುಡಿದು, ರೊಟ್ಟಿ ತಿನ್ನುತ್ತಾ ತಿನ್ನುತ್ತಾ ನಾನಲ್ಲ ಎಂದಿದ್ದಳು, ಬೆಳಿಗ್ಗೆ ಕಣ್ಣು ಬಾತು ಮುಚ್ಚಿಹೋಗಿತ್ತು. ಕಣ್ಣು ಹೋದರೆ ಹೋಗಲಿ, ಒಂದು ಕಣ್ಣು ಹೋಗಲಿ, ಎರಡೂ ಹೋಗಲಿ, ಆದರೆ ಅಲ್ಲಿ ಗೂಟದಲ್ಲಿ ಇನ್ನೊಂದು ರೊಟ್ಟಿ ಇದೆ, ಅದಕ್ಕೆ ಅಪ್ಪನ ಹಲ್ಲು ತಾಗಿದೆ, ರೊಟ್ಟಿಗಳೆಲ್ಲ ಒಂದೇ, ಇದು ಕೇಳಿಸಿಕೊಂಡದ್ದು ಅದಕ್ಕೂ ಕೇಳಿಸುತ್ತದೆ, ಇಲ್ಲಿ ಸುಳ್ಳಾಡಿದರೆ ಅಲ್ಲಿ ಅದು ಎಳೆಯುವುದನ್ನು ನಿಲ್ಲಿಸುತ್ತದೆ, ಜೊಂಡಿನೊಳಗೆ ಎಲ್ಲೋ ಟೋಪಿ ನಿಲ್ಲುತ್ತದೆ. ಕೆಳಗಿಡಲೇ, ಕಚ್ಚಿದ ರೊಟ್ಟಿ ಕೆಳಗಿಡಬಾರದು, ಇನ್ನೂ ಕಚ್ಚಿಲ್ಲ, ಕೊಟ್ಟದ್ದನ್ನು ಹಿಂದಕ್ಕೆ ಇಡಬಾರದು. ತಿಂದುಬಿಡುತ್ತೇನೆ, ತಿಂದರೆ ಕೈ ಖಾಲಿ, ಕೈ ಖಾಲಿಯಾದ ಮೇಲೆ ಹೇಳಿದರೆ ಆಯಿತು. ಬಾಯಿಗೆ ತುರುಕುತ್ತಾಳೆ, ಒಣಗಿದ ಬಾಯಿ, ಅಗಿಯುತ್ತಾಳೆ, ಅದು ಇಳಿಯುವುದಿಲ್ಲ, ಕಣ್ಣಲ್ಲಿ ನೀರು, ನೋಡಿ ಪಾಪ ಹೇಗೆ ತಿಂತಿದೆ, ಏನ್ ಹಾಜಿ ನಿಮ್ಮ ಅತಿಥಿಗಳನ್ನ ಉಪವಾಸ ಕೆಡವಿದೀರೋ ಹೇಗೆ, ಎಂದು ಸರ್ವರ್ ಕಾಕಾ ನಗುತ್ತಾ ಇನ್ನೊಂದು ದೊಡ್ಡ ತುಂಡು ಮುರಿದು ಅವಳ ಕೈಯಲ್ಲಿ ಇಟ್ಟ, ತಿನ್ನು ತಿನ್ನು, ನಮ್ಮನೇಲಿ ಇದಕ್ಕಿಂತ ಬಿಳೀ ರೊಟ್ಟಿ ಇದೆ. ಮತ್ತೆ ಕೈ ತುಂಬಿತು. ಅದು ಮುಗಿಯುವುದಿಲ್ಲ. ಈ ಮನೆಯಲ್ಲಿ ರೊಟ್ಟಿ ಮುಗಿಯುವುದೇ ಇಲ್ಲ.

ಈಗ ಹೇಳು ಮಗಳೇ, ಅಂದರು ಹಾಜಿ ಬಾಬಾ, ಸಿಹಿ ಕೊಟ್ಟಿದ್ದು ಯಾರು. ನಾನು. ಹೂಂ. ನೀನಾಗೇ ಕೊಟ್ಟೆಯಾ, ಯಾರಾದ್ರೂ ಹೇಳಿದ್ರಾ. ಪರದೆಯ ಕೆಳಗೆ ಅಮ್ಮನ ಕಾಲ್ಬೆರಳು ಕಾಣುತ್ತಿತ್ತು, ಅದರ ಹಿಂದೆ ಅಕ್ಕನ ಬರಿಗಾಲು, ಅವಳೂ ಎದ್ದು ಬಂದಿದ್ದಾಳೆ. ಹೇಳಿದ್ರಾ ಇಲ್ವಾ, ಸುಮ್ನೆ ಹೇಳು, ನಿನ್ನನ್ನ ಯಾರೂ ಬೈಯಲ್ಲ. ಇಲ್ಲ ಅನ್ನು, ಇಲ್ಲ ಎರಡೇ ಅಕ್ಷರ, ನಾಲಿಗೆ ಮೇಲಕ್ಕೆ ಹೋದರೆ ಸಾಕು, ರೊಟ್ಟಿ ಅಂಗೈಯಲ್ಲಿ ಬೆಚ್ಚಗೆ ಉಸಿರಾಡುತ್ತಿದೆ, ಅಪ್ಪ ಜೊಂಡಿನ ನಡುವೆ ಅಜ್ಜಿಯನ್ನು ಹೊತ್ತುಕೊಂಡು ಕಿವಿಗೊಟ್ಟು ನಿಂತಿದ್ದಾನೆ. ಹೇಳಿದ್ರು. ಯಾರು ಮಗಳೇ. ಅಕ್ಕ. ಏನಂದ್ಲು. ಖಾಲಿ ಕಳಿಸ್ಬೇಡ ಅಂದ್ಲು.

ಒಂದು ಗಳಿಗೆ ಇತ್ತು, ಒಂದು ಉಸಿರಿನಷ್ಟು, ಆ ಉಸಿರಿನಲ್ಲಿ ಹೇಳಿಬಿಡಬಹುದಿತ್ತು, ಅದಕ್ಕಲ್ಲ ಬಾಬಾ, ತಟ್ಟೆ ಖಾಲಿ ಕಳಿಸಬಾರದು ಅಂತ, ಉಪ್ಪಾದರೂ ಹಾಕಬೇಕು ಅಂತ, ನಮ್ಮಲ್ಲಿ ಸಿಹಿ ಬರೀ ಸಿಹಿ, ಅವಳು ಹೇಳತೊಡಗಿದಳು ಕೂಡ, ತಟ್ಟೆ, ನಮ್ಮೂರಲ್ಲಿ ತಟ್ಟೆ, ಬಾಯಿ ತುಂಬ ಅಗಿದ ರೊಟ್ಟಿ, ಮಾತು ಹಿಟ್ಟಾಗಿ ಬಂತು, ಸರ್ವರ್ ಕಾಕಾ ಅಷ್ಟರಲ್ಲಿ ತೊಡೆ ತಟ್ಟಿದ, ಕೇಳಿದ್ರಾ ಹಾಜಿ, ಹುಡುಗಿ ಮಾತು ಎಷ್ಟು ಚೆಂದ, ಖಾಲಿ ಕಳಿಸ್ಬೇಡ ಅಂತೆ, ಇಂಥ ಮಾತಾಡೋ ಸೊಸೆ ಎಲ್ಲಿ ಸಿಗ್ತಾಳೆ. ಪರದೆಯ ಕೆಳಗೆ ಅಮ್ಮನ ಕಾಲ್ಬೆರಳು ಕಾಣದಾಯಿತು, ಹಿಂದೆ ಬಿದ್ದ ಸದ್ದು, ಬೀಬಿ ಹಿಡ್ಕೋ ಹಿಡ್ಕೋ ಅನ್ನುತ್ತಿದ್ದರು. ಹಾಜಿ ಬಾಬಾ ಅವಳ ಕಡೆ ನೋಡಿದರು, ಬಹಳ ಹೊತ್ತು ನೋಡಿದರು, ಅವರ ಕಣ್ಣಲ್ಲಿ ಏನಿತ್ತು, ಸಿಟ್ಟು ಇರಲಿಲ್ಲ, ಇನ್ನೇನಾದರೂ ಹೇಳು ಮಗಳೇ ಎಂದು ಬೇಡುವ ಹಾಗೆ ಇತ್ತು, ಆಮೇಲೆ ಆ ಕಣ್ಣು ಮುಚ್ಚಿಕೊಂಡಿತು. ಪ್ರಾರ್ಥನೆಗೆ ಎರಡೂ ಅಂಗೈ ಎತ್ತಿದರು. ಎಲ್ಲರ ಅಂಗೈ ಎದ್ದವು, ಕಮಾಂಡರನವು, ಕಾಕಾನವು, ಯಾಸೀನನವು, ತುಟಿಗಳು ಮಿಸುಕಿದವು, ಕೈಗಳು ಮುಖದ ಮೇಲೆ ಇಳಿದವು, ಗಡ್ಡದ ಮೇಲೆ ಇಳಿದವು, ಆಮೇಲೆ ಒಂದೊಂದೇ ಕೈ ತಟ್ಟೆಗೆ ಬಂತು. ಅವಳು ನೆಕ್ಕದೆ ಆರಿಸಿದ್ದ ಬಾದಾಮಿಗಳ ಜೊತೆ ಅವರು ತಂದ ಬಾದಾಮಿಗಳು, ಯಾವುದು ಯಾವುದೋ, ಒಂದು ಹೋಯಿತು, ಒಂದು ಹತ್ತಿ ಕಂಡಿತು, ಹಿಡಿಹಿಡಿಯಾಗಿ ಹೋಯಿತು, ಗಡ್ಡಗಳೊಳಗೆ ಸಕ್ಕರೆ ಕಟಕಟ ಒಡೆಯಿತು, ತಗೋ ಯಾಸೀನ್, ನಿನ್ನದೇ ಅಲ್ವೇನಪ್ಪಾ, ಯಾಸೀನ್ ಒಂದನ್ನು ತೆಗೆದುಕೊಂಡ, ಬಾಯಿಗೆ ಹಾಕಿಕೊಳ್ಳಲಿಲ್ಲ, ಮುಷ್ಟಿಯಲ್ಲಿ ಇಟ್ಟುಕೊಂಡ. ಕರವಸ್ತ್ರವನ್ನು ಕಮಾಂಡರ್ ಮಡಿಸಿ ಎದೆಯ ಜೇಬಿಗೆ ಇಟ್ಟ, ದಾಳಿಂಬೆ ಒಳಕ್ಕೆ ಹೋಯಿತು.

ತಟ್ಟೆ ಒಳಗೆ ತಗೊಂಡು ಹೋಗು ಮಗಳೇ, ಎಂದರು ಹಾಜಿ ಬಾಬಾ, ದನಿ ಎಲ್ಲೋ ದೂರದಿಂದ ಬಂತು. ಅವಳ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ತಟ್ಟೆ, ಪರದೆ ಎಷ್ಟು ಹತ್ತಿರ, ಅದರ ಕೆಳಗೆ ಬರಿಗಾಲು ಇನ್ನೂ ನಿಂತಿದೆ, ಹಿಮ್ಮಡಿ ಬಿರಿದ ಬರಿಗಾಲು, ರಾತ್ರಿ ತನ್ನ ಕಾಲನ್ನು ಬಿಸಿ ಮಾಡಿದ ಕಾಲು, ಪರದೆ ಸರಿಸಬೇಕು, ಕೈ ಇಲ್ಲ, ಎರಡೂ ಕೈ ತುಂಬಿದೆ, ಒಂದು ತುಂಬಿದೆ, ಒಂದು ಖಾಲಿ, ಅಕ್ಕ ಹೇಳಿದ್ದಾಳೆ ಖಾಲಿ ಕಳಿಸಬೇಡ, ಖಾಲಿ ತರಬೇಡ, ಏನಿಡುವುದು, ಈ ರೊಟ್ಟಿ ಇಡಬಹುದು, ಇಟ್ಟರೆ ಕೈ ಬಿಟ್ಟ ಹಾಗೆ, ಬಿಟ್ಟರೆ ಅಪ್ಪ, ಬೆರಳು ಬಿಡಿಸುವುದಿಲ್ಲ, ಬೆರಳು ಬಿಡುತ್ತಿಲ್ಲ, ಉಪ್ಪು ಇಲ್ಲ, ಈರುಳ್ಳಿ ಇಲ್ಲ, ಏನಿಡುವುದು ಅಕ್ಕಾ, ಇದರಲ್ಲಿ ಏನಿಡುವುದು, ನೀಲಿ, ಬರೀ ನೀಲಿ, ನೀಲಿಯ ಮೇಲೆ ಅಲ್ಲಲ್ಲಿ ಅಂಟಿದ ಸಕ್ಕರೆಯ ಪುಡಿ, ಪುಡಿಯ ನಡುವೆ ಬಿರಿದ ಹತ್ತಿ, ಬಿಳಿ ಹತ್ತಿ, ಯಾರೂ ಬಿಡಿಸದ ಹತ್ತಿ —